ವಿಡಿಯೊ ಕುಗ್ಗಿಸಿದ ಕೊಸೈನ್: ಒಂದು 'ಅತಿ ಸರಳ' ವಿಚಾರದ ಚರಿತ್ರೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ – ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಯಾವುದೇ ಪ್ರೌಢಶಾಲೆಯನ್ನು ತೆಗೆದುಕೊಳ್ಳಿ. ವಿಜ್ಞಾನ ಶಿಕ್ಷಕರೊಬ್ಬರು 45 ನಿಮಿಷದ ಪಾಠವನ್ನು ತಮ್ಮ ಮೊಬೈಲಿನಲ್ಲಿ ಚಿತ್ರೀಕರಿಸಿ ಮತ್ತೊಂದು ಶಾಲೆಗೆ ಕಳಿಸಬೇಕೆಂದುಕೊಳ್ಳೋಣ. ಒಂದು ಫ್ರೇಮಿನಲ್ಲಿ ಅಡ್ಡ 1920, ಉದ್ದ 1080, ಅಂದರೆ 20,73,600 ಪಿಕ್ಸೆಲ್‌ಗಳಿರುತ್ತವೆ. ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ತಲಾ ಒಂದು ಬೈಟ್ ಎಂದರೆ ಫ್ರೇಮಿಗೆ ಸುಮಾರು 62 ಲಕ್ಷ ಬೈಟ್. ಸೆಕೆಂಡಿಗೆ 30 ಫ್ರೇಮ್‌ಗಳಂತೆ 45 ನಿಮಿಷಕ್ಕೆ ಲೆಕ್ಕ ಹಾಕಿದರೆ ಬರುವ ಉತ್ತರ ಸುಮಾರು 504 ಗಿಗಾಬೈಟ್.

ಆದರೆ ಮೊಬೈಲಿನಲ್ಲಿ ಆ ಕಡತ ಅಷ್ಟು ದೊಡ್ಡದಾಗಿರುವುದಿಲ್ಲ. ಸೆಕೆಂಡಿಗೆ 17 ಮೆಗಾಬಿಟ್ ದರದಲ್ಲಿ ದಾಖಲಾಗಿದ್ದರೆ ಅದರ ಗಾತ್ರ ಸುಮಾರು 5.7 ಗಿಗಾಬೈಟ್ ಮಾತ್ರ. ಉಳಿದ 498 ಗಿಗಾಬೈಟ್ ಎಲ್ಲಿ ಹೋಯಿತು? ಇನ್ನೂ ಸೋಜಿಗದ ಸಂಗತಿಯೆಂದರೆ, ಅದೇ ಪಾಠವನ್ನು ಗಣಕದಲ್ಲಿ ಒಂದೇ ಒಂದು ಸಾಲಿನ ಆಜ್ಞೆ ಕೊಟ್ಟು 190 ಮೆಗಾಬೈಟಿಗೆ ಇಳಿಸಬಹುದು. ಆಗಲೂ ಕಪ್ಪುಹಲಗೆಯ ಮೇಲಿನ ಅಕ್ಷರಗಳನ್ನು ಓದಬಹುದು. ಸೆಕೆಂಡಿಗೆ 2 ಮೆಗಾಬಿಟ್ ಸಾಗಿಸುವ ಸಂಪರ್ಕದಲ್ಲಿ ಮೊದಲ ಕಡತ ತಲುಪಲು ಆರು ಗಂಟೆಗೂ ಹೆಚ್ಚು ಕಾಲ ಬೇಕು. ಎರಡನೆಯದಕ್ಕೆ 13 ನಿಮಿಷ ಸಾಕು. ನಾಗರಹೊಳೆಯ ಅಂಚಿನ ಹಾಡಿಯೊಂದರ ಮಗುವಿಗೆ ಪಾಠ ತಲುಪುವುದೋ ಇಲ್ಲವೋ ಎಂಬುದು ಎಷ್ಟೋ ಸಲ ಈ ವ್ಯತ್ಯಾಸದ ಮೇಲೆಯೇ ನಿಂತಿರುತ್ತದೆ.

ಈ ಸಂಪೀಡನದ ಹೃದಯದಲ್ಲಿರುವ ಗಣಿತವನ್ನು ರೂಪಿಸಿದವರು ಬೆಂಗಳೂರಿನಲ್ಲಿ ಹುಟ್ಟಿ ಅಲ್ಲಿಯೇ ಎಂಜಿನಿಯರಿಂಗ್ ಓದಿದವರು ಎಂಬುದು ನಮ್ಮ ಅನೇಕ ವಿದ್ಯಾರ್ಥಿಗಳಿಗೆ ತಿಳಿದಿಲ್ಲ. ಅವರ ವಿಚಾರ ಮೊದಲು ತಿರಸ್ಕೃತವಾಯಿತು. ಅದು ತೀರ ಸರಳವಾಗಿದೆ ಎಂಬುದು ಬಂದ ಆಕ್ಷೇಪಗಳಲ್ಲಿ ಒಂದಾಗಿತ್ತು!

ಬಿಡಬಹುದಾದದ್ದು ಯಾವುದು?

ಚಿತ್ರವನ್ನು ಕುಗ್ಗಿಸುವ ಯೋಚನೆ ಗಣಕಕ್ಕಿಂತ ಹಳೆಯದು. ದೂರದರ್ಶನ ಇನ್ನೂ ಶೈಶವಾವಸ್ಥೆಯಲ್ಲಿದ್ದ 1929ರಲ್ಲಿಯೇ ರೇ ಕೆಲ್ ಎಂಬ ಎಂಜಿನಿಯರ್ ಒಂದು ಸಲಹೆ ಮಾಡಿದ್ದರು: ಪ್ರತಿ ಸಲ ಇಡೀ ಚಿತ್ರವನ್ನು ಕಳಿಸುವ ಬದಲು ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳಿಸಿದರೆ ಸಾಲದೆ? ಅದನ್ನು ಕಾರ್ಯಗತಗೊಳಿಸಲು ಹಿಂದಿನ ಚಿತ್ರವನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಸಾಧನ ಆಗ ಇರಲಿಲ್ಲ.

1948ರಲ್ಲಿ ಕ್ಲಾಡ್ ಶ್ಯಾನನ್ ಮಾಹಿತಿಯನ್ನು ಅಳೆಯುವ ಗಣಿತವನ್ನು ಕೊಟ್ಟರು. ಮೊದಲೇ ಊಹಿಸಬಹುದಾದ ಸುದ್ದಿಯಲ್ಲಿ ಮಾಹಿತಿ ಕಡಿಮೆ, ಅನಿರೀಕ್ಷಿತವಾದುದರಲ್ಲಿ ಹೆಚ್ಚು. 1952ರಲ್ಲಿ ಡೇವಿಡ್ ಹಫ್‌ಮನ್ ಪದೇ ಪದೇ ಬರುವ ಸಂಕೇತಕ್ಕೆ ಗಿಡ್ಡ ಗುರುತು, ಅಪರೂಪದ್ದಕ್ಕೆ ಉದ್ದ ಗುರುತು ಕೊಡುವ ಅಚ್ಚುಕಟ್ಟಾದ ವಿಧಾನವನ್ನು ಪ್ರಕಟಿಸಿದರು. ಈ ವಿಧಾನದಲ್ಲಿ ಏನೂ ಕಳೆದುಹೋಗುವುದಿಲ್ಲ. ಬಿಚ್ಚಿದಾಗ ಮೂಲ ಹಾಗೆಯೇ ಸಿಗುತ್ತದೆ. ಇದನ್ನು ನಷ್ಟರಹಿತ ಸಂಪೀಡನ ಎನ್ನುತ್ತಾರೆ. ಆದರೆ ವಿಡಿಯೊ ವಿಷಯದಲ್ಲಿ ಇದರಿಂದ ದೊರೆಯುವ ಉಳಿತಾಯ ಎರಡು-ಮೂರು ಪಟ್ಟು ಮಾತ್ರ. ನಮಗೆ ಬೇಕಾಗಿರುವುದು ನೂರಾರು ಪಟ್ಟು.

ಅಷ್ಟು ಉಳಿತಾಯವಾಗಬೇಕಾದರೆ ಏನನ್ನಾದರೂ ಎಸೆಯಲೇಬೇಕು. ಏನನ್ನು ಎಸೆದರೆ ಕಣ್ಣಿಗೆ ಗೊತ್ತಾಗುವುದಿಲ್ಲ? ಮನುಷ್ಯನ ಕಣ್ಣು ಬೆಳಕಿನ ಏರಿಳಿತವನ್ನು ಚೆನ್ನಾಗಿ ಗುರುತಿಸುತ್ತದೆ, ಬಣ್ಣದ ಸೂಕ್ಷ್ಮ ವಿವರಗಳನ್ನು ಅಷ್ಟಾಗಿ ಗುರುತಿಸುವುದಿಲ್ಲ. ಹೀಗಾಗಿ ಬಣ್ಣದ ಮಾಹಿತಿಯನ್ನು ಎರಡು ಅಡ್ಡ, ಎರಡು ಉದ್ದ, ಒಟ್ಟು ನಾಲ್ಕು ಪಿಕ್ಸೆಲ್‌ಗಳಿಗೆ ಒಂದರಂತೆ ಇಟ್ಟರೂ ನಡೆಯುತ್ತದೆ. ಇಷ್ಟರಿಂದಲೇ ಕಡತ ಅರ್ಧಕ್ಕೆ ಇಳಿಯುತ್ತದೆ. ಹಾಗೆಯೇ ಕಣ್ಣು ನಿಧಾನವಾದ ಬದಲಾವಣೆಗಳಿಗೆ ಸೂಕ್ಷ್ಮ. ಬಹಳ ನುಣುಪಾದ ಗೆರೆ-ಚುಕ್ಕೆಗಳಿಗೆ ಅಷ್ಟಲ್ಲ. ಆದರೆ ಪಿಕ್ಸೆಲ್‌ಗಳ ರಾಶಿಯಲ್ಲಿ ಯಾವುದು ನಿಧಾನದ ಬದಲಾವಣೆ, ಯಾವುದು ನುಣುಪು ವಿವರ ಎಂದು ಬೇರ್ಪಡಿಸುವುದು ಹೇಗೆ? ಜರಡಿಯೊಂದು ಬೇಕಾಗಿತ್ತು. ಅದನ್ನು ಕೊಟ್ಟವರು ನಾಸಿರ್ ಅಹ್ಮದ್.

ತಿರಸ್ಕೃತವಾದ ಅರ್ಜಿ

ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ, ಬೆಂಗಳೂರಿನಲ್ಲಿ. ಇಂದು ವಿಶ್ವೇಶ್ವರಯ್ಯನವರ ಹೆಸರು ಹೊತ್ತಿರುವ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ವಿದ್ಯುತ್ ವಿಭಾಗದ ಪದವಿ ಪಡೆದರು. ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1964ರಲ್ಲಿ. ಅಲ್ಲಿಯವರೆಗೆ ಆ ಕಾಲೇಜು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. ಮುಂದೆ ಅಮೆರಿಕದ ನ್ಯೂ ಮೆಕ್ಸಿಕೊ ವಿಶ್ವವಿದ್ಯಾನಿಲಯದಿಂದ 1966ರಲ್ಲಿ ಡಾಕ್ಟರೇಟ್ ಪಡೆದು, ಎರಡು ವರ್ಷ ಹನಿವೆಲ್ ಸಂಸ್ಥೆಯಲ್ಲಿದ್ದು, 1968ರಲ್ಲಿ ಕಾನ್ಸಾಸ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು.

ಚಿತ್ರದ ಮಾಹಿತಿಯನ್ನು ಕೆಲವೇ ಸಂಖ್ಯೆಗಳಲ್ಲಿ ಹಿಡಿದಿಡುವ ಅತ್ಯುತ್ತಮ ವಿಧಾನ ಯಾವುದೆಂದು ಆಗಲೇ ಗೊತ್ತಿತ್ತು. ಅದಕ್ಕೆ ಕಾರ್ಹುನೆನ್–ಲೋವ್ ಪರಿವರ್ತನೆ ಎಂದು ಹೆಸರು. ಆದರೆ ಅದರಲ್ಲಿ ಎರಡು ತೊಡಕುಗಳಿದ್ದವು. ಪ್ರತಿಯೊಂದು ಬಗೆಯ ದತ್ತಾಂಶಕ್ಕೂ ಬೇರೆ ಬೇರೆ ಲೆಕ್ಕ ಮಾಡಬೇಕಿತ್ತು. ಆ ಲೆಕ್ಕವನ್ನು ಬೇಗ ಮಾಡುವ ದಾರಿಯೂ ಇರಲಿಲ್ಲ. ಅಹ್ಮದ್ ಅವರು ಚೆಬಿಷೆವ್ ಬಹುಪದಿಗಳನ್ನು ಗಮನಿಸುತ್ತ, ಬರೀ ಕೊಸೈನ್ ಅಲೆಗಳಿಂದಲೇ ಹೆಚ್ಚುಕಡಿಮೆ ಅದೇ ಫಲ ದೊರೆಯಬಹುದಲ್ಲವೆ ಎಂದು ಆಲೋಚಿಸಿದರು. ಇದರ ಅಧ್ಯಯನಕ್ಕೆ ಧನಸಹಾಯ ಕೋರಿ 1972ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು. ಹಣ ಸಿಗಲಿಲ್ಲ. ಪರಿಶೀಲಕರೊಬ್ಬರು ಇಡೀ ವಿಚಾರವೇ ಅತಿ ಸರಳವಾಗಿ ಕಾಣುತ್ತದೆ ಎಂಬರ್ಥದ ಮಾತು ಬರೆದಿದ್ದರೆಂದು 1991ರಲ್ಲಿ ಬರೆದ ನೆನಪಿನ ಲೇಖನದಲ್ಲಿ ಅಹ್ಮದ್ ಅವರೇ ಹೇಳಿದ್ದಾರೆ.

ಅವರು ಅಷ್ಟಕ್ಕೇ ಕೈಬಿಡಲಿಲ್ಲ. ತಮ್ಮ ಸಂಶೋಧನ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಟೆಕ್ಸಾಸ್ ವಿಶ್ವವಿದ್ಯಾನಿಲಯದ ಆರ್ಲಿಂಗ್ಟನ್ ಶಾಖೆಯ ಕೆ.ಆರ್. ರಾವ್ ಅವರೊಂದಿಗೆ ಕೆಲಸ ಮುಂದುವರಿಸಿ, 1973ರ ಬೇಸಿಗೆಯನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟರು. ಬಂದ ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿತ್ತು. ಆದ್ದರಿಂದಲೇ ಚಿತ್ರಸಂಸ್ಕರಣೆಯಲ್ಲಿ ಆಗ ಹೆಸರಾಗಿದ್ದ ಹ್ಯಾರಿ ಆಂಡ್ರೂಸ್ ಅವರ ಸಲಹೆ ಕೇಳಿ, ಮತ್ತೊಂದು ಮಾನದಂಡದಿಂದಲೂ ಒರೆಗೆ ಹಚ್ಚಿ ನೋಡಿದರು. ಆಗಲೂ ಕೊಸೈನೇ ಗೆದ್ದಿತು. 1974ರ ಜನವರಿಯಲ್ಲಿ ಗಣಕಗಳಿಗೆ ಸಂಬಂಧಿಸಿದ ಐಇಇಇ ನಿಯತಕಾಲಿಕದಲ್ಲಿ ಮೂವರ ಹೆಸರಿನಲ್ಲಿ ಪ್ರಬಂಧ ಪ್ರಕಟವಾಯಿತು. ಇದ್ದದ್ದು ನಾಲ್ಕೇ ಪುಟ. 'ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್' – ಕನ್ನಡದಲ್ಲಿ ವಿವಿಕ್ತ ಕೊಸೈನ್ ಪರಿವರ್ತನೆ ಎನ್ನಬಹುದು – ಹುಟ್ಟಿದ್ದು ಹೀಗೆ. ಮುಂದೆ 1977ರಲ್ಲಿ ವೆನ್-ಶುಂಗ್ ಚೆನ್ ಮತ್ತು ಸಂಗಡಿಗರು ಇದನ್ನು ಬೇಗ ಲೆಕ್ಕ ಮಾಡುವ ವಿಧಾನ ಕೊಟ್ಟ ಮೇಲೆ ಎಂಜಿನಿಯರ್‌ಗಳು ಇದರತ್ತ ತಿರುಗಿದರು.

ಕ್ಯಾಲ್ಕುಲೇಟರಿನಲ್ಲಿ ಮಾಡಿ ನೋಡಿ

ಈ ಪರಿವರ್ತನೆ ಎಷ್ಟು ಸರಳ ಎಂಬುದನ್ನು ಪಿಯುಸಿ ವಿದ್ಯಾರ್ಥಿಗಳೇ ಪರೀಕ್ಷಿಸಬಹುದು. ಕಿಟಕಿಯ ಪಕ್ಕದ ಗೋಡೆಯ ಚಿತ್ರದಲ್ಲಿ ಒಂದೇ ಸಾಲಿನ ಎಂಟು ಪಿಕ್ಸೆಲ್‌ಗಳ ಹೊಳಪು ಕ್ರಮವಾಗಿ 120, 110, 100, 90, 80, 70, 60, 50 ಎಂದಿರಲಿ.

ಮೊದಲ ಸಂಖ್ಯೆ ಪಡೆಯಲು ಎಂಟನ್ನೂ ಕೂಡಿ 8ರ ವರ್ಗಮೂಲದಿಂದ ಭಾಗಿಸಿ. 680ನ್ನು 2.828ರಿಂದ ಭಾಗಿಸಿದರೆ 240.4. ಇದು ಒಟ್ಟಾರೆ ಹೊಳಪಿನ ಅಳತೆ. ಎರಡನೆಯ ಸಂಖ್ಯೆಗೆ ಎಂಟು ಬೆಲೆಗಳನ್ನು ಕ್ರಮವಾಗಿ 11.25, 33.75, 56.25, 78.75, 101.25, 123.75, 146.25, 168.75 ಡಿಗ್ರಿಗಳ ಕೊಸೈನ್‌ಗಳಿಂದ ಗುಣಿಸಿ, ಕೂಡಿ, ಅರ್ಧ ಮಾಡಿ. ಉತ್ತರ 64.4. ಮೂರನೆಯದಕ್ಕೆ ಇದೇ ಕೋನಗಳ ಎರಡರಷ್ಟು, ನಾಲ್ಕನೆಯದಕ್ಕೆ ಮೂರರಷ್ಟು, ಹೀಗೆ ಎಂಟನೆಯದಕ್ಕೆ ಏಳರಷ್ಟು ಬಳಸಬೇಕು. ಸಿಗುವ ಎಂಟು ಸಂಖ್ಯೆಗಳು ಇವು: 240.4, 64.4, 0, 6.7, 0, 2.0, 0, 0.5.

ಎಂಟು ದೊಡ್ಡ ಸಂಖ್ಯೆಗಳಿದ್ದ ಜಾಗದಲ್ಲಿ ಈಗ ಎರಡು ದೊಡ್ಡವು, ಒಂದು ಚಿಕ್ಕದು, ಉಳಿದವು ಲೆಕ್ಕಕ್ಕಿಲ್ಲದವು. ಇನ್ನೂ ಏನನ್ನೂ ಎಸೆದಿಲ್ಲ, ಬೇರ್ಪಡಿಸಿದ್ದೇವೆ ಅಷ್ಟೆ. ಎಸೆಯುವುದು ಮುಂದಿನ ಹಂತದಲ್ಲಿ. ಪ್ರತಿಯೊಂದನ್ನೂ 10ರಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ಇಳಿಸಿ: 24, 6, 0, 1, ಆಮೇಲೆ ಬರೀ ಸೊನ್ನೆಗಳು. ಇದನ್ನು ಕ್ವಾಂಟೀಕರಣ ಎನ್ನುತ್ತಾರೆ. ಇಲ್ಲಿ 10 ಎಂಬುದು ಹೆಜ್ಜೆಯ ಅಳತೆ. ಸೊನ್ನೆಗಳ ಉದ್ದನೆಯ ಸಾಲನ್ನು ಹಫ್‌ಮನ್ ತರಹದ ಗುರುತುಗಳಿಂದ ಕೆಲವೇ ಬಿಟ್‌ಗಳಲ್ಲಿ ಬರೆಯಬಹುದು.

ನೋಡುವವರ ಕಡೆ ಈ ಲೆಕ್ಕ ತಿರುಗುಮುರುಗಾಗುತ್ತದೆ. 240, 60, 0, 10ರಿಂದ ಹಿಂದಕ್ಕೆ ಬಂದರೆ ಸಿಗುವ ಹೊಳಪು 118, 109, 97, 88, 82, 73, 61, 51. ಮೂಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ಎಲ್ಲಿಯೂ 3ನ್ನು ಮೀರಿಲ್ಲ. 255ರವರೆಗಿನ ಮಾಪಕದಲ್ಲಿ ಅಷ್ಟು ವ್ಯತ್ಯಾಸ ಗೋಡೆಯ ಮೇಲೆ ಯಾರ ಕಣ್ಣಿಗೂ ಬೀಳುವುದು ಕಷ್ಟ.

ಫೂರಿಯೆ ವಿಶ್ಲೇಷಣೆ ಓದಿದವರು ಕೇಳಬಹುದು: ಅದನ್ನೇ ಏಕೆ ಬಳಸಲಿಲ್ಲ? ಫೂರಿಯೆ ವಿಧಾನ ಈ ಎಂಟು ಬೆಲೆಗಳು ಮತ್ತೆ ಮತ್ತೆ ಪುನರಾವರ್ತಿಸುತ್ತವೆ ಎಂದು ಭಾವಿಸುತ್ತದೆ. ಆಗ 50ರ ಪಕ್ಕದಲ್ಲಿ ಥಟ್ಟನೆ 120 ಬಂದು ಇಲ್ಲದ ಪ್ರಪಾತವೊಂದು ಹುಟ್ಟಿಕೊಳ್ಳುತ್ತದೆ. ಆ ಪ್ರಪಾತವನ್ನು ವರ್ಣಿಸಲು ಅನೇಕ ಹೆಚ್ಚಿನ ಆವೃತ್ತಿಯ ಅಲೆಗಳು ಬೇಕು. ಕೊಸೈನ್ ವಿಧಾನವಾದರೋ ತುದಿಯಲ್ಲಿ ಕನ್ನಡಿ ಇಟ್ಟಂತೆ ಭಾವಿಸುತ್ತದೆ. 60, 50 ಆದ ಮೇಲೆ ಮತ್ತೆ 50, 60. ಪ್ರಪಾತವೇ ಇಲ್ಲ. ಅಹ್ಮದ್ ಅವರ 'ಅತಿ ಸರಳ' ವಿಚಾರದ ಗುಟ್ಟು ಇಲ್ಲಿದೆ.

ನಿಜವಾದ ಚಿತ್ರದಲ್ಲಿ ಇದೇ ಲೆಕ್ಕವನ್ನು ಅಡ್ಡಕ್ಕೂ ಉದ್ದಕ್ಕೂ ಮಾಡುತ್ತಾರೆ. ಅಡ್ಡ ಎಂಟು, ಉದ್ದ ಎಂಟು, ಒಟ್ಟು 64 ಪಿಕ್ಸೆಲ್‌ಗಳ ಚೌಕಕ್ಕೆ 64 ಸಂಖ್ಯೆಗಳು. 1992ರಲ್ಲಿ ಬಂದ ಜೆಪೆಗ್ ಛಾಯಾಚಿತ್ರಗಳು ಇಂದಿಗೂ ಈ ಮಾದರಿಯಲ್ಲಿಯೇ ಇವೆ.

ಚಲನೆಯ ಲೆಕ್ಕ

ವಿಡಿಯೊದಲ್ಲಿ ಇನ್ನೊಂದು ಅನುಕೂಲವಿದೆ. ಪಾಠ ಮಾಡುವಾಗ ಗೋಡೆ, ಹಲಗೆ, ಮೇಜು ಕದಲುವುದಿಲ್ಲ. ಶಿಕ್ಷಕರು ನಾಲ್ಕು ಹೆಜ್ಜೆ ಸರಿದರೆ ಹೊಸ ಚಿತ್ರ ಬರೆಯಬೇಕಾಗಿಲ್ಲ. ಹಿಂದಿನ ಫ್ರೇಮಿನ ಈ ತುಂಡನ್ನು ಇಷ್ಟು ಪಿಕ್ಸೆಲ್ ಬಲಕ್ಕೆ ಸರಿಸು ಎಂದರೆ ಸಾಕು. ಹಾಗೆ ಸರಿಸಿದ ಮೇಲೂ ಉಳಿಯುವ ಸಣ್ಣ ವ್ಯತ್ಯಾಸಕ್ಕೆ ಕೊಸೈನ್ ಪರಿವರ್ತನೆ. ಜಸ್ವಂತ್ ಜೈನ್ ಮತ್ತು ಅನಿಲ್ ಜೈನ್ 1981ರಲ್ಲಿ ಪ್ರಕಟಿಸಿದ ಪ್ರಬಂಧ ಈ ಜೋಡಣೆಗೆ ಬಲವಾದ ಬುನಾದಿ ಹಾಕಿತು. ರೇ ಕೆಲ್ ಅವರ 1929ರ ಸಲಹೆಗೆ ಆ ಹೊತ್ತಿಗೆ ನೆನಪಿನ ಸಾಧನವೂ ಒದಗಿಬಂದಿತ್ತು.

1988ರ ಎಚ್.261 ಮಾನಕ ಇವೆರಡನ್ನೂ ಕೂಡಿಸಿತು. ಸೆಕೆಂಡಿಗೆ 64 ಕಿಲೋಬಿಟ್‌ನ ಗುಣಕಗಳಲ್ಲಿ, ದೂರವಾಣಿ ಮಾರ್ಗದಲ್ಲಿ ಮುಖ ನೋಡಿಕೊಂಡು ಮಾತಾಡುವುದು ಅದರ ಗುರಿ. ಅದೇ ವರ್ಷ ಆರಂಭವಾದ ಎಂಪೆಗ್ ಸಮಿತಿ 1993ರಲ್ಲಿ ಎಂಪೆಗ್-1 ಮಾನಕವನ್ನು ಹೊರತಂದಿತು. ಹಾಡಿನ ಸಿ.ಡಿ. ಸೆಕೆಂಡಿಗೆ 14 ಲಕ್ಷ ಬಿಟ್ ಓದುತ್ತದೆ; ಅಷ್ಟರಲ್ಲೇ ಚಿತ್ರವನ್ನೂ ಶಬ್ದವನ್ನೂ ತುಂಬುವುದು ಇದರ ಉದ್ದೇಶ. ಆಗ ಬಂದದ್ದೇ ವಿ.ಸಿ.ಡಿ. ತಾಲ್ಲೂಕು ಕೇಂದ್ರಗಳ ಬಾಡಿಗೆ ಅಂಗಡಿಗಳಿಂದ ಕನ್ನಡ ಚಿತ್ರಗಳ ವಿ.ಸಿ.ಡಿ. ತಂದು ನೋಡಿದವರಿಗೆ, ಹಾಡಿನ ವೇಗದ ಕುಣಿತದಲ್ಲಿ ಪರದೆ ಚೌಕಚೌಕವಾಗಿ ಒಡೆಯುತ್ತಿದ್ದುದು ನೆನಪಿರಬಹುದು. ಬಿಟ್‌ಗಳು ಸಾಲದೆ ಹೆಜ್ಜೆಯ ಅಳತೆ ಹಿಗ್ಗಿದಾಗ 64 ಪಿಕ್ಸೆಲ್‌ಗಳ ಚೌಕಗಳು ಹಾಗೆ ಬಯಲಾಗುತ್ತಿದ್ದವು. ಅಹ್ಮದ್ ಅವರ ಗಣಿತವನ್ನು ನಮ್ಮ ಜನ ಬರಿಗಣ್ಣಿನಿಂದ ಕಂಡದ್ದು ಆಗಲೇ ಎನ್ನಬೇಕು!

ಎಂಪೆಗ್-2 ಡಿ.ವಿ.ಡಿ.ಗೂ ಉಪಗ್ರಹ ಪ್ರಸಾರಕ್ಕೂ ಆಧಾರವಾಯಿತು. 1975ರ ಆಗಸ್ಟಿನಿಂದ ಒಂದು ವರ್ಷ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನ ಪಾಠ ಮುಟ್ಟಿಸಿದ 'ಸೈಟ್' ಪ್ರಯೋಗದಲ್ಲಿ ಕರ್ನಾಟಕದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳಿದ್ದವು. ಆಗ ಸಂಕೇತ ಸಾದೃಶ್ಯ ರೂಪದ್ದು, ಚಿತ್ರ ಒಂದೇ. 2004ರ ಸೆಪ್ಟೆಂಬರ್ 20ರಂದು ಹಾರಿದ ಎಜುಸ್ಯಾಟ್ ಹೊತ್ತಿಗೆ ಕಾಲ ಬದಲಾಗಿತ್ತು. 1997ರವರೆಗೆ ಮೈಸೂರು ಜಿಲ್ಲೆಯ ಭಾಗವೇ ಆಗಿದ್ದ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಅದರ ಮೂಲಕ ಪಾಠ ಬಂತು. ಸಾದೃಶ್ಯ ರೂಪದ ಒಂದು ವಾಹಿನಿ ತುಂಬಿಕೊಳ್ಳುತ್ತಿದ್ದ ಜಾಗದಲ್ಲಿ ಸಂಪೀಡಿತ ಅಂಕೀಯ ರೂಪದ ಹಲವು ವಾಹಿನಿಗಳು ಹಿಡಿಸುತ್ತವೆ. 2003ರ ಎಚ್.264 ಮಾನಕ ಎಂಪೆಗ್-2ಕ್ಕೆ ಬೇಕಾಗುವ ಬಿಟ್‌ಗಳನ್ನು ಸುಮಾರು ಅರ್ಧಕ್ಕಿಳಿಸಿತು. 2013ರ ಎಚ್‌ಇವಿಸಿ, 2018ರ ಎವಿ1, 2020ರ ವಿವಿಸಿ ಅದನ್ನು ಮತ್ತೂ ತಗ್ಗಿಸಿದವು. ಚೌಕಗಳ ಗಾತ್ರ ಬದಲಾಗಿದೆ, ಕೊಸೈನ್ ಜೊತೆಗೆ ಬೇರೆ ಪರಿವರ್ತನೆಗಳೂ ಸೇರಿವೆ, ಲೆಕ್ಕ ಪೂರ್ಣಾಂಕಗಳಲ್ಲಿ ನಡೆಯುತ್ತದೆ; ಆದರೂ 1974ರ ಮೂಲ ವಿಚಾರ ಎಲ್ಲದರೊಳಗೂ ಇದೆ.

ಒಂದು ಸಾಲಿನ ಆಜ್ಞೆ

ಮಾನಕವೆಂದರೆ ಕಾಗದದ ಮೇಲಿನ ನಿಯಮ. ಅದನ್ನು ಸಾಮಾನ್ಯನ ಗಣಕದಲ್ಲಿ ಕೆಲಸ ಮಾಡುವಂತೆ ಮಾಡಿದ್ದು ಸ್ವತಂತ್ರ ತಂತ್ರಾಂಶದವರು. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ಡ್ 2000ದಲ್ಲಿ ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶವನ್ನು ಆರಂಭಿಸಿದರು. ಬಳಿಕ ಮೈಕೆಲ್ ನೀಡರ್‌ಮೇಯರ್ ಮೊದಲಾದವರು ಅದನ್ನು ಬೆಳೆಸಿದರು. ವಿಎಲ್‌ಸಿ ಚಾಲಕದೊಳಗೆ ನಾನಾ ಬಗೆಯ ವಿಡಿಯೊಗಳನ್ನು ಬಿಚ್ಚುವುದು ಇದೇ ಸಂಗ್ರಹದ ಭಾಗಗಳು. ಲೊರಾಂ ಏಮಾರ್ ಆರಂಭಿಸಿ ಲೊರೆನ್ ಮೆರಿಟ್ ಮತ್ತಿತರರು ಮುಂದುವರಿಸಿದ ಎಕ್ಸ್264, ಎಚ್.264 ರೂಪಕ್ಕೆ ವಿಡಿಯೊ ಇಳಿಸುವ ಸಾಧನ. ಎರಡೂ ಉಚಿತ, ಒಳಗಿನ ಬರಹವನ್ನು ಯಾರು ಬೇಕಾದರೂ ಓದಿ ತಿದ್ದಬಹುದು.

ಇವುಗಳನ್ನು ನಡೆಸುವುದು ಕಮಾಂಡ್ ಲೈನಿನಿಂದ. ಒತ್ತುವ ಗುಂಡಿಗಳಿಲ್ಲ, ಚಿತ್ರಗಳಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆಯಬೇಕು. ಆ ಸಾಲಿನಲ್ಲಿ ಮೊದಲು ತಂತ್ರಾಂಶದ ಹೆಸರು, ಆಮೇಲೆ 'ಐ' ಗುರುತಿನೊಂದಿಗೆ ಮೂಲ ಕಡತ, ಬಳಿಕ ಯಾವ ಸಂಪೀಡಕ ಬೇಕು ಎಂಬುದು, ಅದರ ನಂತರ ಗುಣಮಟ್ಟ ಮತ್ತು ವೇಗ, ಕೊನೆಯಲ್ಲಿ ಹೊಸ ಕಡತದ ಹೆಸರು. ಮೊದಲ ನೋಟಕ್ಕೆ ಒರಟು ಎನಿಸಿದರೂ ಇದರಲ್ಲೊಂದು ಲಾಭವಿದೆ. ಹಳೆಯ ಗಣಕದಲ್ಲೂ ಓಡುತ್ತದೆ. ನಲವತ್ತು ಪಾಠಗಳಿಗೂ ಅದೇ ಸಾಲನ್ನು ಪುನರಾವರ್ತಿಸಿ ರಾತ್ರಿಯಿಡೀ ಬಿಟ್ಟು ಮನೆಗೆ ಹೋಗಬಹುದು. ಮುಖ್ಯವಾಗಿ, ತಾನು ಏನನ್ನು ಎಸೆಯುತ್ತಿದ್ದೇನೆ ಎಂಬುದು ಬಳಸುವವನಿಗೆ ಗೊತ್ತಿರುತ್ತದೆ.

ಗುಣಮಟ್ಟದ ಸೂಚಿಯನ್ನು ಸಿಆರ್‌ಎಫ್ ಎನ್ನುತ್ತಾರೆ. ಎಕ್ಸ್264ರ ಸಾಮಾನ್ಯ ಕಡತಗಳಲ್ಲಿ ಇದು 0ಯಿಂದ 51ರವರೆಗೆ ಇರುತ್ತದೆ. ನಾವು ಏನೂ ಹೇಳದಿದ್ದರೆ 23. ನಮ್ಮ ಲೆಕ್ಕದಲ್ಲಿ 10 ಎಂದಿಟ್ಟುಕೊಂಡ ಹೆಜ್ಜೆಯ ಅಳತೆಯನ್ನು ಹಿಗ್ಗಿಸಿ ಕುಗ್ಗಿಸುವ ತಿರುಗಣೆಯೇ ಇದು. ಎಚ್.264ರಲ್ಲಿ ಹೆಜ್ಜೆಯ ಸೂಚಿ 6 ಹೆಚ್ಚಿದರೆ ಹೆಜ್ಜೆಯ ಅಳತೆ ಎರಡರಷ್ಟಾಗುತ್ತದೆ. ಹೀಗಾಗಿ 23ರ ಬದಲು 29 ಎಂದರೆ ಕಡತ ಸ್ಥೂಲವಾಗಿ ಅರ್ಧಕ್ಕಿಳಿಯುತ್ತದೆ. ವೇಗದ ಆಯ್ಕೆಯಲ್ಲಿ 'ನಿಧಾನ' ಎಂದರೆ ಗಣಕ ಹೆಚ್ಚು ಹುಡುಕಾಡಿ ಚಲನೆಯ ಉತ್ತಮ ಹೊಂದಾಣಿಕೆ ಕಂಡುಕೊಳ್ಳುತ್ತದೆ. ಅಷ್ಟೇ ಗುಣಮಟ್ಟಕ್ಕೆ ಕಡತ ಚಿಕ್ಕದಾಗುತ್ತದೆ.

ಕಡತದ ಗಾತ್ರವೇ ನಿಗದಿಯಾಗಿದ್ದರೆ ಲೆಕ್ಕ ಬೇರೆ. 45 ನಿಮಿಷದ ಪಾಠ 100 ಮೆಗಾಬೈಟಿನೊಳಗೆ ಇರಬೇಕು ಎನ್ನಿ. 100ನ್ನು 8ರಿಂದ ಗುಣಿಸಿ 2700 ಸೆಕೆಂಡುಗಳಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 296 ಕಿಲೋಬಿಟ್. ಮಾತಿಗೆ 48 ತೆಗೆದಿಟ್ಟರೆ ಚಿತ್ರಕ್ಕೆ 248. ಆಗ ಗಣಕ ಎರಡು ಸುತ್ತು ಓಡುವಂತೆ ಆಜ್ಞೆ ಕೊಡುವುದು ಒಳ್ಳೆಯದು. ಮೊದಲ ಸುತ್ತಿನಲ್ಲಿ ಯಾವ ಭಾಗ ಕಷ್ಟದ್ದೆಂದು ಗುರುತು ಹಾಕಿಕೊಂಡು ಎರಡನೆಯ ಸುತ್ತಿನಲ್ಲಿ ಅಲ್ಲಿಗೆ ಹೆಚ್ಚು ಬಿಟ್ ಹಂಚುತ್ತದೆ.

ನಾಲ್ಕು ತಾಲ್ಲೂಕು, ನಾಲ್ಕು ದೃಶ್ಯ

ಯಾವ ದೃಶ್ಯ ಸುಲಭ, ಯಾವುದು ಕಷ್ಟ ಎಂಬುದನ್ನು ನಮ್ಮ ಈ ಸೀಮೆಯಲ್ಲೇ ಅಭ್ಯಾಸ ಮಾಡಬಹುದು. ಹುಣಸೂರಿನ ತರಗತಿಯೊಂದರ ಕಪ್ಪುಹಲಗೆಯನ್ನು ಮುಕ್ಕಾಲಿಯ ಮೇಲಿಟ್ಟ ಮೊಬೈಲಿನಿಂದ ಚಿತ್ರಿಸಿದರೆ ಅದು ಅತಿ ಸುಲಭದ ದೃಶ್ಯ. ಹಿಂದಿನ ಫ್ರೇಮ್ ಗೊತ್ತಿದ್ದರೆ ಮುಂದಿನದು ಬಹುಪಾಲು ಗೊತ್ತಿದ್ದಂತೆಯೇ. ಅದೇ ಮೊಬೈಲನ್ನು ಕೈಯಲ್ಲಿ ಹಿಡಿದರೆ ಸಣ್ಣ ನಡುಕವೂ ಬಿಟ್ ತಿನ್ನುತ್ತದೆ. ಮುಕ್ಕಾಲಿ ಕೂಡ ಒಂದು ಸಂಪೀಡನ ಸಾಧನವೇ!

ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬ್ಯಾರನ್ ಒಳಗೆ ಬೆಳಕು ಕಡಿಮೆ. ಅಲ್ಲಿ ಕ್ಯಾಮೆರಾದ ಸಂವೇದಕ ಹುಟ್ಟಿಸುವ ಚುಕ್ಕೆಚುಕ್ಕೆಯ ಗದ್ದಲ ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ. ಊಹಿಸಲಾಗದ್ದೆಲ್ಲ ಶ್ಯಾನನ್ ಪ್ರಕಾರ ಮಾಹಿತಿಯೇ. ನಮಗೆ ಬೇಡವಾದ ಆ ಮಾಹಿತಿಗೂ ಗಣಕ ಬಿಟ್ ಖರ್ಚು ಮಾಡುತ್ತದೆ. ಒಂದು ದೀಪ ಹಚ್ಚಿದರೆ ಕಡತ ಕುಗ್ಗುತ್ತದೆ.

ಕೃಷ್ಣರಾಜನಗರದ ಕಡೆಯ ಚುಂಚನಕಟ್ಟೆಯಲ್ಲಿ ಧುಮ್ಮಿಕ್ಕುವ ಕಾವೇರಿ ಅತಿ ಕಷ್ಟದ ದೃಶ್ಯ. ನೊರೆಯ ಒಂದು ತುಂಡೂ ಮುಂದಿನ ಫ್ರೇಮಿನಲ್ಲಿ ಹಾಗೆಯೇ ಉಳಿಯುವುದಿಲ್ಲ. ಸರಿಸಿ ಹೊಂದಿಸುವ ತಂತ್ರ ಇಲ್ಲಿ ಸೋಲುತ್ತದೆ, ಚೌಕಗಳು ಎದ್ದು ಕಾಣುತ್ತವೆ.

ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರಿನ ಮೇಲಿನ ಸಂಜೆಯ ಆಕಾಶ ಸುಲಭವೆಂದು ತೋರುತ್ತದೆ. ಆದರೆ ಕಿತ್ತಳೆಯಿಂದ ನೀಲಿಗೆ ನಯವಾಗಿ ಜಾರುವ ಬಣ್ಣ, ಹೆಜ್ಜೆ ದೊಡ್ಡದಾದಾಗ ಮೆಟ್ಟಿಲುಗಳಂತೆ ಪಟ್ಟೆಪಟ್ಟೆಯಾಗುತ್ತದೆ. ನಿಧಾನದ ಬದಲಾವಣೆಗೆ ಕಣ್ಣು ಸೂಕ್ಷ್ಮ ಎಂದು ಹಿಂದೆ ಹೇಳಿದ್ದಕ್ಕೆ ಇದೇ ಸಾಕ್ಷಿ. ನಾಲ್ಕೂ ದೃಶ್ಯಗಳನ್ನು ಒಂದೊಂದು ನಿಮಿಷ ಚಿತ್ರೀಕರಿಸಿ, ಒಂದೇ ಸಿಆರ್‌ಎಫ್ ಕೊಟ್ಟು, ಬರುವ ಕಡತಗಳ ಗಾತ್ರ ಹೋಲಿಸಿದರೆ ವಿಜ್ಞಾನ ಸಂಘಕ್ಕೆ ಒಳ್ಳೆಯ ಯೋಜನೆಯಾಗುತ್ತದೆ.

ಕಳಿಸುವ ಪ್ರತಿ, ಉಳಿಸುವ ಪ್ರತಿ

ಇಲ್ಲಿಯವರೆಗೆ ಎಸೆಯುವುದರ ಲಾಭವನ್ನು ನೋಡಿದೆವು. ಆದರೆ ಎಸೆದದ್ದು ಹಿಂತಿರುಗಿ ಬರುವುದಿಲ್ಲ. 64.4 ಎಂಬುದು ಒಮ್ಮೆ 60 ಆದ ಮೇಲೆ ಅದು ಮೊದಲು ಎಷ್ಟಿತ್ತೆಂದು ಯಾವ ಗಣಕವೂ ಹೇಳಲಾರದು. ಅದನ್ನೇ ಮತ್ತೊಬ್ಬರು ಬೇರೆ ಹೆಜ್ಜೆಯಿಂದ ಕುಗ್ಗಿಸಿದರೆ ತಪ್ಪಿನ ಮೇಲೆ ತಪ್ಪು ಕೂಡುತ್ತದೆ. ಕೈಯಿಂದ ಕೈಗೆ ಮತ್ತೆ ಮತ್ತೆ ಸಂಪೀಡನಗೊಂಡು ಸಾಗಿದ ವಿಡಿಯೊ ಮಸುಕಾಗುವುದು ಇದರಿಂದಲೇ.

ಭೌತವಿಜ್ಞಾನದ ಪ್ರಯೋಗಗಳನ್ನು ವಿಡಿಯೊದಿಂದ ಅಳೆಯುವವರು ಇದನ್ನು ಗಮನಿಸಬೇಕು. ಲೋಲಕದ ವಿಡಿಯೊದಲ್ಲಿ ಫ್ರೇಮ್‌ಗಳನ್ನು ಸೆಕೆಂಡಿಗೆ 30ರಿಂದ 10ಕ್ಕೆ ಇಳಿಸಿದರೆ ಕಡತದ ಜೊತೆಗೆ ಕಾಲದ ನಿಖರತೆಯೂ ಕುಗ್ಗುತ್ತದೆ. ಸಿ.ಡಿ.ಯನ್ನು ಗ್ರೇಟಿಂಗಿನಂತೆ ಬಳಸಿ ದೀಪದ ರೋಹಿತ ತೆಗೆದರೆ, ಬಣ್ಣದ ಮಾಹಿತಿ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಉಳಿದಿರುವುದರಿಂದ ಬಣ್ಣದ ರೇಖೆಗಳ ಅಂಚು ಕಲಸಿಹೋಗುತ್ತದೆ. ಕಣ್ಣಿಗೆ ಬೇಡವಾದದ್ದು ಅಳತೆಗೆ ಬೇಕಾಗಿರಬಹುದು. ಸಂಪೀಡನದ ನಿಯಮಗಳನ್ನು ಬರೆದದ್ದು ನೋಡುವವನಿಗಾಗಿ, ಅಳೆಯುವವನಿಗಾಗಿ ಅಲ್ಲ.

ಇದಕ್ಕಿಂತ ಗಂಭೀರವಾದುದು ನೆನಪಿನ ವಿಷಯ. ನಾಗರಹೊಳೆಯ ಸುತ್ತಿನ ಹಾಡಿಗಳಲ್ಲಿರುವ ಜೇನುಕುರುಬರ ಮತ್ತು ಬೆಟ್ಟಕುರುಬರ ಹಿರಿಯರ ಹಾಡು, ಮಾತು, ಕಾಡಿನ ತಿಳಿವಳಿಕೆ ಬಹುಪಾಲು ಬಾಯಿಂದ ಬಾಯಿಗೆ ಬಂದದ್ದು. ಹಿರಿಯರೊಬ್ಬರನ್ನು ಶಾಲೆಯ ಮಕ್ಕಳು ಚಿತ್ರೀಕರಿಸಿದರೆ ಅದು ಮತ್ತೆ ಸಿಗದ ದಾಖಲೆಯಾಗಬಹುದು. ನಾಳೆ ಭಾಷಾವಿಜ್ಞಾನಿಯೊಬ್ಬರು ಆ ಮಾತಿನ ಸ್ವರಗಳನ್ನು ವಿಶ್ಲೇಷಿಸಲು ಬಯಸಿದರೆ, ಸೆಕೆಂಡಿಗೆ 24 ಕಿಲೋಬಿಟ್‌ಗೆ ಹಿಂಡಿದ ಧ್ವನಿ ಅವರಿಗೆ ಸಾಲುವುದಿಲ್ಲ. ಅಂಥ ಕಡೆ ನಿಯಮ ಸರಳ: ಮೊಬೈಲಿನಿಂದ ಬಂದ ಮೂಲ ಕಡತವನ್ನು ಮುಟ್ಟದೆ ಎರಡು ಕಡೆ ಉಳಿಸಿ, ಕುಗ್ಗಿಸಿದ ಪ್ರತಿಯನ್ನು ಮಾತ್ರ ಹಂಚಿ.

ಹಳೆಯ ವಿ.ಎಚ್.ಎಸ್. ಟೇಪುಗಳಿಗೂ ಇದು ಅನ್ವಯಿಸುತ್ತದೆ. ಊರ ಹಬ್ಬ, ನಾಟಕ, ಶಾಲಾ ವಾರ್ಷಿಕೋತ್ಸವಗಳ ಟೇಪುಗಳು ಅನೇಕರ ಅಟ್ಟದ ಮೇಲಿವೆ. ಅವುಗಳ ಕಾಂತೀಯ ಲೇಪ ವರ್ಷ ವರ್ಷ ಕ್ಷೀಣಿಸುತ್ತದೆ. ಟೇಪ್ ಓಡಿಸುವ ಯಂತ್ರಗಳನ್ನು ಕೊನೆಯವರೆಗೆ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ತಯಾರಿಕೆಯನ್ನು ನಿಲ್ಲಿಸಿತು. ಆದ್ದರಿಂದ ಟೇಪಿನಿಂದ ಗಣಕಕ್ಕೆ ಇಳಿಸುವ ಅವಕಾಶ ಒಂದೇ ಸಲ ಎಂದು ತಿಳಿಯುವುದು ಕ್ಷೇಮ. ಅಂಥ ಸಂದರ್ಭಕ್ಕೆಂದೇ ಎಫ್‌ಎಫ್‌ಎಂಪೆಗ್ ಒಳಗೆ ಎಫ್‌ಎಫ್‌ವಿ1 ಎಂಬ ನಷ್ಟರಹಿತ ವಿಧಾನವಿದೆ. ಮೈಕೆಲ್ ನೀಡರ್‌ಮೇಯರ್ 2003ರಲ್ಲಿ ರೂಪಿಸಿದ ಇದು 2021ರಲ್ಲಿ ಅಂತರ್ಜಾಲ ಮಾನಕಗಳ ಸಂಸ್ಥೆಯ ದಾಖಲೆಯಾಗಿ ಪ್ರಕಟವಾಯಿತು. ಸಂಪೀಡನವಿಲ್ಲದೆ ಗಂಟೆಗೆ ಸುಮಾರು 75 ಗಿಗಾಬೈಟ್ ಬೇಡುವ ಟೇಪಿನ ಚಿತ್ರ ಇದರಲ್ಲಿ ಅರ್ಧದ ಆಸುಪಾಸಿಗೆ ಇಳಿಯುತ್ತದೆ, ಒಂದು ಬಿಟ್ ಕೂಡ ಕಳೆಯದೆ. ಆದರೆ ಮೊಬೈಲಿನ ಕಡತವನ್ನು ಇದಕ್ಕೆ ಬದಲಾಯಿಸಬೇಡಿ. ಈಗಾಗಲೇ ಕುಗ್ಗಿರುವುದು ಮತ್ತೆ ಹಿಗ್ಗುತ್ತದೆಯೇ ಹೊರತು ಕಳೆದದ್ದು ಬರುವುದಿಲ್ಲ.

2020ರಲ್ಲಿ ಶಾಲೆಗಳು ಮುಚ್ಚಿದಾಗ ನಮ್ಮ ಮಕ್ಕಳಿಗೆ ಪಾಠ ಚಂದನ ವಾಹಿನಿಯಿಂದಲೂ ಮೊಬೈಲಿನಿಂದಲೂ ಬಂತು. ಅಂದು ಪರದೆಯ ಮೇಲೆ ಮೂಡಿದ ಒಂದೊಂದು ಚಿತ್ರದ ಹಿಂದೆಯೂ ಧನಸಹಾಯಕ್ಕೆ ಯೋಗ್ಯವಲ್ಲವೆಂದು 1972ರಲ್ಲಿ ಪಕ್ಕಕ್ಕಿಟ್ಟ ಆ ಗಣಿತವಿತ್ತು. ಏನನ್ನು ಉಳಿಸಬೇಕು, ಏನನ್ನು ಬಿಡಬಹುದು ಎಂಬ ತೀರ್ಮಾನವನ್ನು ಮೊಬೈಲ್ ಕಂಪನಿಗಳು ನಮ್ಮ ಪರವಾಗಿ ಪ್ರತಿ ಕ್ಷಣವೂ ಮಾಡುತ್ತಿರುತ್ತವೆ. ಕಮಾಂಡ್ ಲೈನಿನ ಒಂದು ಸಾಲು ಆ ತೀರ್ಮಾನವನ್ನು ಶಿಕ್ಷಕರ ಕೈಗೆ ಕೊಡುತ್ತದೆ. ಎಂಟು ಪಿಕ್ಸೆಲ್‌ಗಳ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿದ ವಿದ್ಯಾರ್ಥಿಗೆ ಆ ಸಾಲಿನ ಅರ್ಥ ತಾನಾಗಿಯೇ ತಿಳಿಯುತ್ತದೆ.